ಮಾತಿಗೆ ಮೊದಲ ದಾರಿ

ಸರ್ವಜ್ಞನಗರದ ಆ ಶಾಲೆಯವರು ಸರ್ವರ್ ಇಡಲು ನನಗೆ ತೋರಿಸಿದ ಜಾಗ ಮೆಟ್ಟಿಲ ಕೆಳಗಿನ ಉಗ್ರಾಣ. ಒಂದು ಪಕ್ಕ ಅಕ್ಕಿ ಮೂಟೆ, ಇನ್ನೊಂದು ಪಕ್ಕ ಹರಿದ ಚಾಪೆಗಳು, ನಡುವೆ ತಲೆ ಎತ್ತಿದರೆ ಮೆಟ್ಟಿಲಿಗೆ ಬಡಿದುಕೊಳ್ಳುವ ನಾನು. "ಇಲಿ ಕಾಟ ಇಲ್ಲ ತಾನೇ ಮೇಡಂ?" ಎಂದು ಹೆಡ್ ಮೇಡಂ ಅವರನ್ನು ಕೇಳಿದೆ. "ಇತ್ತು. ಈಗ ಬೆಕ್ಕಿದೆ," ಎಂದರು. ಆ ಬೆಕ್ಕು ಬೆಚ್ಚಗಿರುತ್ತದೆಂದು ನನ್ನ ಸರ್ವರಿನ ಮೇಲೆಯೇ ಮಲಗುತ್ತದೆ ಎನ್ನುವುದು ಆಮೇಲೆ ಗೊತ್ತಾಯಿತು.

ಸರ್ವರ್ ಎಂದರೆ ದೊಡ್ಡ ಯಂತ್ರವೇನಲ್ಲ, ಎರಡು ನೆಟ್‌ವರ್ಕ್ ಕಾರ್ಡ್ ಹಾಕಿದ ಒಂದು ಹಳೇ ಕಂಪ್ಯೂಟರ್. ಹೊರಗಿನ ಇಂಟರ್ನೆಟ್ ಲೈನು ಒಂದು ಕಾರ್ಡಿಗೆ ಬರುತ್ತದೆ. ಇನ್ನೊಂದರಿಂದ ಲೈನನ್ನು ಕವಲೊಡೆಸುವ ಸ್ವಿಚ್ಚಿಗೆ, ಸ್ವಿಚ್ಚಿನಿಂದ ಆಫೀಸಿಗೆ, ತರಗತಿಗೆ, ಮೇಲಿನ ಮಹಡಿಯ ಹಾಸ್ಟೆಲ್ಲಿಗೆ ಕೇಬಲ್ಲು ಹೋಗುತ್ತದೆ. ಇರುವುದು ಒಂದೇ ಲೈನು, ಅದೂ ತೆಳ್ಳಗಿನದು. ಯಾರಿಗೆ ಎಷ್ಟು, ಯಾರಿಗೆ ಮೊದಲು ಎಂದು ಹಂಚುವುದು ಈ ಪೆಟ್ಟಿಗೆಯ ಕೆಲಸ. ನಮ್ಮ ಹಲಸೂರಿನಲ್ಲಿ ಬೀದಿ ಬೀದಿಗೆ ವಾಲ್ವ್ ತಿರುಗಿಸಿ ನೀರು ಬಿಡುವವನಿದ್ದಾನಲ್ಲ, ನನ್ನದೂ ಅದೇ ಉದ್ಯೋಗ. ಬೈಗುಳವೂ ಅಷ್ಟೇ ಸಿಗುತ್ತದೆ.

ಅದು ಕಿವಿ ಕೇಳಿಸದ ಮಕ್ಕಳ ಶಾಲೆ. ಅಲ್ಲಿ ಚಿಕ್ಕ ಮಕ್ಕಳಿಗೆ ಸನ್ನೆ ಭಾಷೆ ಕಲಿಸುತ್ತಿದ್ದವರು ಒಬ್ಬ ಹಿರಿಯ ಮೇಷ್ಟ್ರು. ಅವರಿಗೂ ಹುಟ್ಟಿನಿಂದ ಕಿವಿ ಕೇಳಿಸದು. ಬೇರೆ ಟೀಚರುಗಳೂ ಸನ್ನೆ ಮಾಡುತ್ತಾರೆ, ಆದರೆ ಅವರದು ಕಲಿತ ಭಾಷೆ, ಮೇಷ್ಟ್ರದು ಮನೆಮಾತು. ಮಕ್ಕಳು ನಗುತ್ತಿದ್ದದ್ದು ಅವರ ತರಗತಿಯಲ್ಲಿ ಮಾತ್ರ ಎಂದು ಅಡುಗೆಯವರೂ ಹೇಳುತ್ತಿದ್ದರು. ಮೇಷ್ಟ್ರು ಮನೆಯಲ್ಲಿ ಬಿದ್ದು ಕಾಲು ಮುರಿದುಕೊಂಡರು. ಮನೆ ಹೊರಮಾವಿನಲ್ಲಿ, ಓಡಾಡುವಂತಿಲ್ಲ. ಹಾಗಾಗಿ ಅವರು ಮನೆಯಿಂದಲೇ ವಿಡಿಯೋದಲ್ಲಿ ಪಾಠ ಮಾಡುವುದು, ಮಕ್ಕಳು ತರಗತಿಯ ದೊಡ್ಡ ಟಿವಿಯಲ್ಲಿ ನೋಡುವುದು ಎಂದು ತೀರ್ಮಾನವಾಯಿತು. ಶಾಲೆ ನಡೆಸುವ ಟ್ರಸ್ಟಿನವರು ಒಂದು ಷರತ್ತು ಹಾಕಿದ್ದರು. ಸ್ವಲ್ಪ ದಿನ ನೋಡುತ್ತೇವೆ, ಪಾಠ ಸರಿಯಾಗಿ ನಡೆದರೆ ಸರಿ, ಇಲ್ಲದಿದ್ದರೆ ಬೇರೆ ಮೇಷ್ಟ್ರನ್ನು ಗೊತ್ತು ಮಾಡುತ್ತೇವೆ. ಅಂದರೆ ಆ ಮನುಷ್ಯನ ಕೆಲಸ, ಆ ಮಕ್ಕಳ ನಗು ಎರಡೂ ನಾನು ಎಳೆಯುವ ಕೇಬಲ್ಲಿಗೆ ಜೋತುಬಿದ್ದಿದ್ದವು.

ಎಳೆದೆ. ಆ ಶಾಲೆಯಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯುವುದಿಲ್ಲ, ಪ್ರತಿಯೊಬ್ಬರಿಗೂ ಕೈಯಲ್ಲೇ ಒಂದು ಹೆಸರಿಡುತ್ತಾರೆ. ಹೆಡ್ ಮೇಡಂ ಎಂದರೆ ಮೂಗಿನ ಮೇಲಿನ ಕನ್ನಡಕ ತಳ್ಳುವುದು. ಮೇಷ್ಟ್ರು ಎಂದರೆ ಮೀಸೆ ತಿರುವುವುದು. ಕೇಬಲ್ಲಿನ ಸಿಪ್ಪೆಯನ್ನು ಹಲ್ಲಿನಿಂದ ಕಚ್ಚಿ ಎಳೆಯುವುದು ನನ್ನ ಕೆಟ್ಟ ಅಭ್ಯಾಸ. ಮೊದಲ ದಿನವೇ ಎರಡು ಜಡೆಯ ಒಬ್ಬ ದೊಡ್ಡ ಹುಡುಗಿ ಅದನ್ನು ನೋಡಿ, ಎರಡು ಬೆರಳನ್ನು ಹಲ್ಲಿನ ನಡುವೆ ಇಟ್ಟು ಸರ್ರನೆ ಎಳೆದು ತೋರಿಸಿದಳು. ಸಂಜೆಯೊಳಗೆ ಶಾಲೆಗೆಲ್ಲ ನಾನು ಅದೇ ಆಗಿಬಿಟ್ಟಿದ್ದೆ.

ಲೈನು ಜೋಡಿಸಿದ ಮೇಲೆ ಸರ್ವರಿಗೆ ನಿಯಮ ಬರೆಯಬೇಕು. ನಾನು ಹೊಸದಾಗಿ ಬರೆಯುವವಳಲ್ಲ. ಇಂದಿರಾನಗರದ ಪಿಜಿಗಳಿಗೆಂದು ಮಾಡಿಟ್ಟ ಒಂದು ಫೈಲಿದೆ, ಎಲ್ಲ ಕಡೆಗೂ ಅದನ್ನೇ ಹಾಕುತ್ತೇನೆ. ಅದರಲ್ಲಿ ಮಾತಿಗೆ ಮೊದಲ ದಾರಿ, ಇಮೇಲು, ವೆಬ್‌ಸೈಟುಗಳಿಗೆ ಎರಡನೆಯದು, ವಿಡಿಯೋಗೆ ಕಟ್ಟಕಡೆಯದು, ಅದಕ್ಕೂ ಒಂದು ಮಿತಿ. ಪಿಜಿ ಹುಡುಗರು ರಾತ್ರಿಯೆಲ್ಲ ಸಿನಿಮಾ ನೋಡಿದರೂ ಫೋನಿನಲ್ಲಿ ಅಮ್ಮನ ಜೊತೆ ಮಾತಾಡುವವರ ದನಿ ಕಡಿಯಬಾರದು ಎಂಬ ಲೆಕ್ಕಾಚಾರ. ಫೈಲ್ ಹಾಕಿ, ತರಗತಿಯಲ್ಲಿ ನಿಂತು, ಹೊರಮಾವಿನಲ್ಲಿದ್ದ ಮೇಷ್ಟ್ರ ಹೆಂಡತಿಗೆ ವಿಡಿಯೋ ಕರೆ ಮಾಡಿದೆ. ಅವರಿಗೆ ಕಿವಿ ಕೇಳಿಸುತ್ತದೆ.

"ಹಲೋ, ಹಲೋ, ಕೇಳಿಸ್ತಿದೆಯಾ?"

"ಕೇಳಿಸ್ತೈತಮ್ಮ, ಪಕ್ಕದಲ್ಲೇ ನಿಂತು ಮಾತಾಡ್ದಂಗೈತೆ," ಎಂದರು ಅವರು.

ಹೆಡ್ ಮೇಡಂ ತಲೆ ಆಡಿಸಿದರು. ನಾನು ಟೂಲ್ ಬ್ಯಾಗ್ ಎತ್ತಿಕೊಂಡು ಹೊರಟೆ. ಕಿವುಡು ಮಕ್ಕಳ ಶಾಲೆಯಲ್ಲಿ ಹಲೋ ಹಲೋ ಎಂದು ಲೈನ್ ಪರೀಕ್ಷೆ ಮಾಡಿ ಶಭಾಷ್ ಎನಿಸಿಕೊಂಡು ಬಂದವಳು ಬೆಂಗಳೂರಿನಲ್ಲಿ ನಾನೊಬ್ಬಳೇ ಇರಬೇಕು. ಆ ಹೊತ್ತಿನಲ್ಲಿ ನನಗಾಗಲಿ ಮೇಡಂಗಾಗಲಿ ಅದು ಹೊಳೆಯಲೇ ಇಲ್ಲ.

ಮರುದಿನದಿಂದ ದೂರು ಶುರುವಾಯಿತು. ಮೇಷ್ಟ್ರು ಸುಮ್ಮನೆ ಕೂತಿದ್ದರೆ ಚಿತ್ರ ಚೆನ್ನಾಗಿರುತ್ತದೆ, ಕೈ ಎತ್ತಿದರೆ ಒಡೆದುಹೋಗುತ್ತದೆ. ಇದಕ್ಕೆ ಕಾರಣವಿದೆ. ಕದಲದ ಚಿತ್ರವನ್ನು ಪದೇಪದೇ ಕಳಿಸಬೇಕಿಲ್ಲ, ಕದಲಿದ್ದನ್ನು ಮಾತ್ರ ಹೊಸದಾಗಿ ಕಳಿಸಬೇಕು. ಗೋಡೆ, ಅಂಗಿ, ಮುಖ ಇವೆಲ್ಲ ಕೆಟ್ಟ ಲೈನಿನಲ್ಲೂ ನಿಧಾನವಾಗಿ ತಿಳಿಯಾಗುತ್ತವೆ. ಜೋರಾಗಿ ಆಡುವ ಕೈ ಮಾತ್ರ ಚೌಕ ಚೌಕವಾಗಿ ಕಲಸಿಹೋಗುತ್ತದೆ. ಮೇಷ್ಟ್ರ ಪಾಠವೆಲ್ಲ ಇದ್ದದ್ದು ಆ ಚೌಕಗಳ ಒಳಗೆ.

ನಾನು ಮಾಡದ ಸರ್ಕಸ್ ಇಲ್ಲ. ಕೇಬಲ್ಲಿನ ತುದಿ ಕತ್ತರಿಸಿ ಹೊಸ ಪಿನ್ನು ಕೂಡಿಸಿದೆ. ಸ್ವಿಚ್ ಬದಲಾಯಿಸಿದೆ. ಬೆಕ್ಕನ್ನು ಓಡಿಸಿ ಫ್ಯಾನಿನಿಂದ ಹಿಡಿಗಟ್ಟಲೆ ಕೂದಲು ತೆಗೆದೆ. ಲೈನ್ ಕೊಟ್ಟ ಕಂಪನಿಗೆ ಫೋನ್ ಮಾಡಿದರೆ, "ಮೇಡಂ, ನಮ್ ಕಡೆಯಿಂದ ಫುಲ್ ಕರೆಕ್ಟ್ ಇದೆ," ಎಂಬ ಒಂದೇ ಪಲ್ಲವಿ. ಅದೇ ವಾರ ರಸ್ತೆ ಅಗೆಯುವವರು ಕೇಬಲ್ ಕತ್ತರಿಸಿದರು. ಎರಡು ದಿನ ಲೈನೇ ಇಲ್ಲ. ಜೋಡಿಸಿದ ಮೇಲೆ ಮತ್ತೆ ಅದೇ ಚೌಕ. ಪ್ರತಿ ಸಲವೂ ನಾನು ಟಿವಿ ಮುಂದೆ ನಿಂತು ಹಲೋ ಹಲೋ ಎನ್ನುವುದು, ಆ ಕಡೆಯಿಂದ ಕೇಳಿಸ್ತೈತೆ ಎನ್ನುವುದು, ನಾನು ತಲೆ ಕೆರೆದುಕೊಳ್ಳುವುದು. ಮಕ್ಕಳ ಮುಖ ನೋಡಲು ನಾಚಿಕೆಯಾಗುತ್ತಿತ್ತು.

ಒಂದು ದಿನ ಹೀಗೆ ಹಲೋ ಎನ್ನುತ್ತಿದ್ದಾಗ ಆ ಎರಡು ಜಡೆಯ ಹುಡುಗಿ ಎದ್ದು ಬಂದು ನನ್ನ ಬಾಯಿಗೆ ಅಂಗೈ ಅಡ್ಡ ಇಟ್ಟಳು. ಇನ್ನೊಂದು ಕೈಯ ಬೆರಳುಗಳನ್ನು ನನ್ನ ಕಣ್ಣ ಮುಂದೆ ಆಡಿಸಿ, ಇದು, ಇದು ಎನ್ನುವಂತೆ ಅದನ್ನೇ ತೋರಿಸಿದಳು. ಸುಮ್ಮನಿರು, ನಮ್ಮ ಮಾತು ಇದು ಎಂದಳೋ, ತಲೆನೋವು ಬರಿಸಬೇಡ ಎಂದಳೋ, ನನಗೆ ಅರ್ಥವಾದದ್ದು ಮೊದಲನೆಯದು. ಹೋಗಿ ಉಗ್ರಾಣದಲ್ಲಿ ಕೂತು ಫೈಲ್ ತೆರೆದೆ. ಮಾತಿಗೆ ಮೊದಲ ದಾರಿ ಎಂದು ನಾನೇ ಬರೆದ ಸಾಲು ಅಲ್ಲೇ ಇತ್ತು. ದನಿಯೇ ಬೇಕಿಲ್ಲದ ಶಾಲೆಯಲ್ಲಿ ದನಿಗೆ ರಾಜಮಾರ್ಗ, ಕೈಗೆ ಸಂದಿ. ಹಾಸ್ಟೆಲ್ ಮಕ್ಕಳು ಸಂಜೆ ಮನೆಗೆ ಮಾಡುತ್ತಿದ್ದದ್ದೂ ವಿಡಿಯೋ ಕರೆಯೇ, ಅವೂ ಆ ಸಂದಿಯಲ್ಲೇ ಸಿಕ್ಕಿಬಿದ್ದಿದ್ದವು. ನನ್ನ ತಲೆಗೆ ನಾನೇ ಮೊಟಕಿಕೊಂಡೆ. ಮಿತಿ ತೆಗೆದು, ತರಗತಿಯ ವಿಡಿಯೋಗೆ ಮೊದಲ ಜಾಗ ಕೊಟ್ಟೆ.

ಅರ್ಧ ಸರಿಹೋಯಿತು. ಇನ್ನರ್ಧ ಹೊರಮಾವಿನ ಕಡೆಯಿತ್ತು. ಅಲ್ಲಿ ಮೇಷ್ಟ್ರ ಅಣ್ಣ, ಹಿಂದೆ ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಬಾಡಿಗೆ ಮನೆಗಳನ್ನು ಕಟ್ಟಿಸಿ, ತಮ್ಮ ಮನೆಯ ಹಾಲ್‌ನಲ್ಲಿದ್ದ ಒಂದೇ ಇಂಟರ್ನೆಟ್ಟನ್ನು ವೈಫೈ ಮೂಲಕ ಬಾಡಿಗೆದಾರರಿಗೆಲ್ಲ ಹಂಚಿದ್ದರು. ಮೇಷ್ಟ್ರ ರೂಮು ಹಿತ್ತಲಲ್ಲಿ. ಅಲ್ಲಿಗೆ ಬರುವಷ್ಟರಲ್ಲಿ ಸಿಗ್ನಲ್ ಸತ್ತಿರುತ್ತಿತ್ತು. ನೇರವಾಗಿ ಕೇಬಲ್ ಎಳೆಯಬೇಕು ಎಂದೆ.

"ಎಳ್ಕೋಮ್ಮ, ಬ್ಯಾಡ ಅನ್ನಲ್ಲ. ಗೋಡೆಗೆ ಮಾತ್ರ ತೂತು ಹೊಡೀಬ್ಯಾಡ. ಮೊನ್ನೆ ತಾನೆ ಪೇಂಟ್ ಮಾಡ್ಸಿವ್ನಿ," ಎಂದರು ಅಣ್ಣ.

ಗೋಡೆಯ ಮರ್ಯಾದೆ ಉಳಿಸಲು ಕಿಟಕಿಯಿಂದ ತೆಗೆದು, ದಾಸವಾಳದ ಗಿಡದ ಮೇಲೆ ಹಾಯಿಸಿ, ಇನ್ನೊಂದು ಕಿಟಕಿಯಿಂದ ಒಳಗೆ ಬಿಟ್ಟೆ. ಮೇಷ್ಟ್ರು ಮಂಚದ ಮೇಲೆ ಕೂತಿದ್ದರು, ಕಾಲಿಗೆ ಪಟ್ಟಿ, ಮಡಿಲಲ್ಲಿ ಶಾಲು, ಶಾಲಿನೊಳಗೆ ಎರಡೂ ಕೈ. ಬಿಸಿಲಿನ ದಿನ, ಶಾಲೇಕೆ ಎಂದು ಒಂದು ಗಳಿಗೆ ಅನಿಸಿತು. ಕಾಯಿಲೆ ಮನುಷ್ಯ ಎಂದು ಬಿಟ್ಟೆ. ನಾನು ಕೇಬಲ್ಲಿಗೆ ಹಲ್ಲು ಹಾಕಿದಾಗ ಅವರು ನಕ್ಕರು, ಹೆಂಡತಿಯ ಕಡೆ ಕತ್ತು ತಿರುಗಿಸಿ ತುಟಿಯಲ್ಲೇ ಏನೋ ಹೇಳಿದರು.

"ಈಗ ಬರ್ತಿರೋದೇ ಸಾಕಲ್ವಾ, ಯಾಕಿಷ್ಟು ಕಷ್ಟಪಡ್ತೀರಿ ಅಂತಾವ್ರೆ," ಎಂದರು ಹೆಂಡತಿ.

"ಸಾಕು ಅಂದ್ರೆ ಹೇಗಮ್ಮ? ಮಕ್ಕಳಿಗೆ ಇವರ ಕೈಯೇ ಕಾಣಿಸಲ್ಲ."

ಆಕೆ ಗಂಡನ ಮುಖ ನೋಡಿದರು, ಗಂಡ ಕಿಟಕಿ ನೋಡಿದರು. ನನಗೆ ಸ್ವಲ್ಪ ಸಿಟ್ಟೇ ಬಂತು. ಇವರ ಕೆಲಸ ಉಳಿಸಲು ನಾನು ಒದ್ದಾಡುತ್ತಿದ್ದೇನೆ, ಇವರಿಗೇ ಬೇಡವೇ ಎಂದುಕೊಂಡು ಪಿನ್ನು ಕೂಡಿಸಿ, ದೀಪ ಹಸಿರಾದದ್ದು ನೋಡಿ ಎದ್ದು ಬಂದೆ.

ಮರುದಿನ, ಬಾಗಿಲಿಂದ ಇಣುಕಿ ನೋಡಿದೆ, ಚಿತ್ರ ನೀರಿನಷ್ಟು ತಿಳಿಯಾಗಿ ಬಂದಿದೆ ಎಂದು ಹೆಡ್ ಮೇಡಂ ಫೋನ್ ಮಾಡಿದರು. ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಮುಂದಿನ ವಾರ ರಸೆಲ್ ಮಾರುಕಟ್ಟೆಗೆ ಹೋಗಿದ್ದವಳು ಶಾಲೆಯ ಮಕ್ಕಳಿಗೆಂದು ಒಂದು ಬುಟ್ಟಿ ಸಪೋಟ ಕೊಂಡೆ.

ಸಪೋಟ ಹಂಚಲು ಹೋದಾಗ ಮಕ್ಕಳು ಊಟದ ಬಿಡುವಿನಲ್ಲಿದ್ದರು. ಹೊಸದಾಗಿ ಸೇರಿದ ಪುಟ್ಟ ಹುಡುಗಿಯೊಬ್ಬಳು ನನ್ನ ಬಳಿ ಬಂದಳು. ಮನೆಯಲ್ಲಿ ಸನ್ನೆ ಎಂದರೇನೆಂದೇ ತಿಳಿಯದೆ ಬಂದ ಮಗು, ಕಲಿತದ್ದೆಲ್ಲ ಆ ಟಿವಿಯಿಂದ. ಹೆಬ್ಬೆರಳನ್ನು ತುಟಿಗೆ ತಂದು ನೀರು ಕೇಳಿದಳು. ತರುವಾಗ ಅವಳ ಕೈ ಗಡಗಡ ನಡುಗಿತು. ಚಳಿಯೇ ಎಂದು ಹಣೆ ಮುಟ್ಟಿ ನೋಡಿದೆ, ಜ್ವರವಿರಲಿಲ್ಲ. ನೀರು ಕೊಟ್ಟೆ. ಕುಡಿದು, ಸಪೋಟ ಬೇಕೆಂದು ಕೈ ನೀಡಿದಳು, ಆ ಕೈ ಗಟ್ಟಿಯಾಗಿತ್ತು. ಸನ್ನೆ ಮಾಡುವಾಗ ಮಾತ್ರ ನಡುಕ. ಇದು ಆ ಸನ್ನೆಯ ರೀತಿ ಇರಬೇಕು ಎಂದುಕೊಂಡು ನಾನೂ ಹೆಬ್ಬೆರಳನ್ನು ನಡುಗಿಸುತ್ತ ತುಟಿಗೆ ತಂದೆ.

ಎರಡು ಜಡೆಯ ಹುಡುಗಿ ಎಲ್ಲಿದ್ದಳೋ, ಓಡಿಬಂದು ನನ್ನ ಮಣಿಕಟ್ಟನ್ನು ಹಿಡಿದುಬಿಟ್ಟಳು. ಬಿಗಿಯಾಗಿ ಹಿಡಿದು, ನಡುಗದಂತೆ ತುಟಿಗೆ ಒಯ್ದು ತೋರಿಸಿದಳು. ಆಮೇಲೆ ಮೀಸೆ ತಿರುವಿದಳು. ಆಫೀಸಿನ ಬಾಗಿಲ ಕಡೆ ನೋಡಿ, ಕನ್ನಡಕ ತಳ್ಳುವ ಸನ್ನೆ ಮಾಡಿ, ಬೇಡ ಎಂದು ತಲೆಯಾಡಿಸಿದಳು. ಮೇಡಂಗೆ ಹೇಳಬೇಡ. ಮಕ್ಕಳಿಗೆಲ್ಲ ಗೊತ್ತಿತ್ತು. ಇಷ್ಟು ದಿನ ಚೌಕಗಳ ಹಿಂದೆ ಮರೆಯಾಗಿದ್ದ ಮೇಷ್ಟ್ರ ಕೈಯ ನಡುಕವನ್ನು ನಾನು ಶ್ರದ್ಧೆಯಿಂದ ಒರೆಸಿ ತಿಳಿಮಾಡಿ ದೊಡ್ಡ ಟಿವಿಯಲ್ಲಿ ಹಾಕಿದ್ದೆ. ಉಳಿದ ಸಪೋಟಗಳನ್ನು ಅಡುಗೆಯವರ ಕೈಗೆ ಕೊಟ್ಟು ಹೊರಟುಬಂದೆ.

ಟ್ರಸ್ಟಿನವರು ತರಗತಿ ನೋಡಲು ಬರುವ ಹಿಂದಿನ ದಿನ ಮೇಷ್ಟ್ರ ಹೆಂಡತಿ ಫೋನ್ ಮಾಡಿದರು.

"ಅಮ್ಮಾ, ನೀವು ಮೊದ್ಲು ಹೆಂಗಿಟ್ಟಿದ್ರೋ ಹಂಗೇ ಮಾಡ್ಬಿಡಿ."

"ಮೊದ್ಲು ಹೆಂಗಿತ್ತು ಅಂದ್ರೆ?"

"ಒಡೆದು ಒಡೆದು ಬರ್ತಿತ್ತಲ್ಲ, ಹಂಗೆ. ಅವ್ರು ಬರೋ ದಿನ ಮಾತ್ರ."

ವಿಷಯ ನನಗೆ ಗೊತ್ತಾಗಿದೆ ಎಂದೆ. ಆಗ ಅವರು ಹೇಳಿದರು, ಅದು ನರದ ಕಾಯಿಲೆಯಂತೆ, ಅವರು ಬಿದ್ದದ್ದೂ ಅದರಿಂದಲೇ ಅಂತೆ.

"ಮೇಡಂ ಒಳ್ಳೆಯವರಮ್ಮ," ಎಂದೆ. "ಹೇಳಿದ್ರೆ ಅರ್ಥ ಮಾಡ್ಕೋತಾರೆ. ಬೇರೆ ಏನಾದ್ರೂ ಕೆಲಸ ಕೊಡ್ಬಹುದು."

"ಅರ್ಥ ಮಾಡ್ಕೋತಾರೆ. ಅಯ್ಯೋ ಪಾಪ ಅಂತಾರೆ. ಇವ್ರಿಗೆ ಅದೇ ಬ್ಯಾಡ. ಇದು ಇಳಿಯೋ ಕಾಯ್ಲೆ ಅಲ್ಲ ಅಂದವ್ರೆ ಡಾಕ್ಟ್ರು. ಇವತ್ತಲ್ದಿದ್ರೆ ನಾಳೆ ಪಾಠ ನಿಲ್ಲೋದೇ. ನೆಟ್ಟಿಂದ ನಿಂತೋಯ್ತು ಅಂತ ಆಗ್ಲಿ, ಕೈಯಿಂದ ನಿಂತೋಯ್ತು ಅಂತ ಬ್ಯಾಡ ಅಂತಾರೆ."

"ಕೆಟ್ಟ ಹೆಸರು ನನಗೆ ಬರುತ್ತಲ್ಲಮ್ಮ," ಎಂದು ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಅವರು ವಿಡಿಯೋ ಹಾಕಿ ಫೋನನ್ನು ಮೇಷ್ಟ್ರ ಕಡೆ ತಿರುಗಿಸಿದರು. ಶಾಲು ಇರಲಿಲ್ಲ. ಅವರು ನನ್ನನ್ನು ಶಾಲೆಯ ಆ ಕೈಹೆಸರು ಹಿಡಿದು ಕರೆಯಲು ಹೊರಟರು. ಎರಡು ಬೆರಳು ಹಲ್ಲಿಗೆ ಹೋಗುವ ಬದಲು ಕೆನ್ನೆಗೆ ತಾಗಿದವು. ಇನ್ನೊಂದು ಸಲ ಎತ್ತಿದರು, ಗದ್ದಕ್ಕೆ ತಾಗಿದವು. ಮೂರನೇ ಸಲಕ್ಕೆ ಎಡಗೈಯಿಂದ ಬಲಗೈ ಹಿಡಿದು ಹಲ್ಲಿನ ತನಕ ತಂದು ಎಳೆದರು. ನನಗೆ ಅಳು ಬಂತು. ಆಯಿತು ಎಂದು ತಲೆಯಾಡಿಸಿದೆ.

ಮರುದಿನ ಬೆಳಿಗ್ಗೆ ಉಗ್ರಾಣದಲ್ಲಿ ಬೆಕ್ಕನ್ನು ಪಕ್ಕಕ್ಕೆ ಸರಿಸಿ, ತರಗತಿಗೆ ಬರುವ ವಿಡಿಯೋ ಮೇಲೆ ಹಳೇ ಮಿತಿಯನ್ನು ಮತ್ತೆ ಹೇರಿದೆ. ಒಂದೇ ಸಾಲಿನ ಕೆಲಸ. ಆ ಸಾಲು ಎಲ್ಲಿದೆ ಎಂದು ಹುಡುಕಲು ವಾರಗಟ್ಟಲೆ ಹಿಡಿದಿತ್ತು. ಶಾಲೆಯಿಂದ ಹೊರಗೆ ಹೋಗುವ ಚಿತ್ರವನ್ನು ಮುಟ್ಟಲಿಲ್ಲ. ಮೇಷ್ಟ್ರಿಗಾದರೂ ಮಕ್ಕಳು ಚೆನ್ನಾಗಿ ಕಾಣಲಿ ಎನಿಸಿತು.

ಟ್ರಸ್ಟಿನ ಹಿರಿಯರೊಬ್ಬರು ಬಂದು ಹೆಡ್ ಮೇಡಂ ಪಕ್ಕದಲ್ಲಿ ಕೂತರು. ಟಿವಿ ಹಾಕಿದರು. ಮೇಷ್ಟ್ರ ಮುಖ ಕಂಡಿತು, ಕೈ ಎತ್ತಿದರು, ಚೌಕಗಳು ಶುರುವಾದವು. ಮಕ್ಕಳು ಒಬ್ಬೊಬ್ಬರಾಗಿ ಹಿಂದೆ ತಿರುಗಿ ಬಾಗಿಲಲ್ಲಿ ನಿಂತಿದ್ದ ನನ್ನನ್ನು ನೋಡಿದರು. ಎರಡು ಜಡೆಯ ಹುಡುಗಿ ಎದ್ದು, ಹಲ್ಲಿನ ನಡುವೆ ಬೆರಳೆಳೆದು ನನ್ನನ್ನು ಕರೆದು, ಟಿವಿಯ ಕಡೆ ಕೈ ತೋರಿಸಿದಳು. ಸರಿಮಾಡು, ಇಲ್ಲದಿದ್ದರೆ ಮೇಷ್ಟ್ರು ಹೋಗಿಬಿಡುತ್ತಾರೆ ಎನ್ನುವಂತಿತ್ತು ಅವಳ ಮುಖ. ನಾನು ಎರಡೂ ಕೈ ಚೆಲ್ಲಿ ನಿಂತೆ. ಸರಿಮಾಡಲು ಬರುತ್ತದೆ ಎಂದು ಗೊತ್ತಿದ್ದೂ ಹಾಗೆ ನಿಲ್ಲುವುದು ಎಷ್ಟು ಕಷ್ಟ ಎಂದು ಅವತ್ತು ತಿಳಿಯಿತು.

"ಏನ್ರೀ ಇದು? ಸರಿಹೋಯ್ತು ಅಂದಿದ್ರಿ!" ಎಂದರು ಹೆಡ್ ಮೇಡಂ.

"ಲೈನ್ ಸರಿಯಿಲ್ಲ ಮೇಡಂ."

"ಮೊದಲಿಂದ್ಲೂ ಇದೇ ಗೋಳು ನಿಮ್ದು."

"ಪಾಪ, ಮೇಷ್ಟ್ರದೇನೂ ತಪ್ಪಿಲ್ಲ ಬಿಡಿ," ಎಂದರು ಟ್ರಸ್ಟಿನವರು. "ಅಷ್ಟು ವರ್ಷ ಕಲಿಸಿದೋರು. ಈ ನೆಟ್ ನಂಬ್ಕೊಂಡು ಅವರನ್ನೂ ಮಕ್ಕಳನ್ನೂ ಯಾಕೆ ಗೋಳಾಡಿಸೋದು?"

ಹೆಡ್ ಮೇಡಂ ಕ್ಯಾಮೆರಾ ಮುಂದೆ ನಿಂತು ಮೇಷ್ಟ್ರಿಗೆ ನಿಧಾನವಾಗಿ ಸನ್ನೆಯಲ್ಲಿ ಹೇಳಿದರು. ಲೈನು ಕೆಟ್ಟಿದೆ, ಪಾಠ ನಿಲ್ಲಿಸೋಣ, ನೀವು ವಿಶ್ರಾಂತಿ ತಗೊಳ್ಳಿ. ಟಿವಿಯಲ್ಲಿ ಚೌಕಗಳು ಒಮ್ಮೆ ಕದಲಿದವು, ಏನೆಂದರೋ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅವರು ಕೈ ಮುಗಿದರು. ಮುಗಿದು ಹಾಗೇ ಇದ್ದರು. ಕದಲದ ಚಿತ್ರವಲ್ಲವೇ, ನಿಧಾನವಾಗಿ ತಿಳಿಯಾಗತೊಡಗಿತು. ಮೊದಲು ಅಂಗಿ, ಆಮೇಲೆ ಮೀಸೆ, ಕಡೆಗೆ ಕೈ. ಒಂದು ಅಂಗೈ ಇನ್ನೊಂದನ್ನು ಒತ್ತಿ ಹಿಡಿದಿತ್ತು, ನಡುಕ ಇರಲಿಲ್ಲ. ಮಕ್ಕಳೆಲ್ಲ ಎದ್ದು ನಿಂತು ಕೈ ಮುಗಿದರು. ಟ್ರಸ್ಟಿನವರೂ ಮುಗಿದರು. ಎಷ್ಟು ಚೆನ್ನಾಗಿ ಬಂತು ನೋಡಿ ಈಗ, ಎಂದು ಯಾರೋ ಹೇಳಿದರು. ಮೇಡಂ ಟಿವಿ ಆರಿಸಿದರು.

ಎಲ್ಲರೂ ಹೋದ ಮೇಲೆ ಉಗ್ರಾಣಕ್ಕೆ ಹೋಗಿ ಮಿತಿಯನ್ನು ತೆಗೆದುಹಾಕಿದೆ. ಆರಿಹೋದ ಟಿವಿಗೆ ಲೈನಿನ ಮೊದಲ ಜಾಗ ಸಿಕ್ಕಿತು. ಮೇಡಂಗೆ ಆಗಲೇ ಹೇಳಬೇಕಿತ್ತೇ, ಹೇಳಿದ್ದರೆ ಮಕ್ಕಳಿಗೆ ಅವರು ಇನ್ನಷ್ಟು ದಿನ ಸಿಗುತ್ತಿದ್ದರೇ ಎಂದು ಈಗಲೂ ಕೇಳಿಕೊಳ್ಳುತ್ತೇನೆ. ಆ ಶಾಲೆಯವರು ಆಮೇಲೆ ನನ್ನನ್ನು ಕರೆಯಲಿಲ್ಲ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಅವತ್ತು ಟೂಲ್ ಬ್ಯಾಗ್ ಕಟ್ಟುತ್ತಿದ್ದಾಗ ಆ ಪುಟ್ಟ ಹುಡುಗಿ ಬೆಕ್ಕನ್ನು ಹುಡುಕಿಕೊಂಡು ಉಗ್ರಾಣದ ಬಾಗಿಲಿಗೆ ಬಂದಳು. ನನ್ನ ನೀರಿನ ಬಾಟಲಿ ನೋಡಿ ಹೆಬ್ಬೆರಳನ್ನು ತುಟಿಗೆ ತಂದಳು, ಮೇಷ್ಟ್ರು ಕಲಿಸಿದ ಹಾಗೆಯೇ, ನಡುಗಿಸುತ್ತ. ಮಣಿಕಟ್ಟು ಹಿಡಿದು ತಿದ್ದಲು ದೊಡ್ಡ ಹುಡುಗಿ ಹತ್ತಿರದಲ್ಲಿರಲಿಲ್ಲ. ನಾನು ತಿದ್ದಲಿಲ್ಲ, ನೀರು ಕೊಟ್ಟೆ.